ಕುದಿಸಿದ ಬಾವುಟ

ಗುನ್‌ಸಾನ್
ಮಾರ್ಚ್ ೩, ೧೯೭೯, ಶನಿವಾರ

ನಮ್ಮ ಹೇರಾನಳ ಅಪ್ಪನಿಗೆ,

ಹೇಗಿದ್ದೀರಿ? ಸೊಂಟದ ನೋವು ಇಳಿಯಿತೆ? ನಿಮ್ಮ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿದಾಗ ಅತ್ತೆ ಒಂದು ಮಾತನ್ನೂ ನಂಬಲಿಲ್ಲ. "ಸೊಂಟ ಹಿಡ್ಕೊಳ್ಳೋದು ಚಳಿಗೆ. ಆ ಮರಳುಗಾಡಲ್ಲಿ ಚಳಿ ಎಲ್ಲಿಂದ ಬರುತ್ತೆ? ಏನೋ ಭಾರ ಎತ್ತಿ ಪೆಟ್ಟು ಮಾಡ್ಕೊಂಡು ನಮಗೆ ಕತೆ ಕಟ್ತಿದಾನೆ" ಎಂದು ಅರ್ಧ ದಿನ ಬೈದು, ಉಳಿದರ್ಧ ದಿನ ಔಷಧಿ ಅಂಗಡಿಯಲ್ಲಿ ಕೂತು ಸೊಂಟಕ್ಕೆ ಅಂಟಿಸುವ ಪಟ್ಟಿಗಳನ್ನು ಆರಿಸಿ ತಂದಿದ್ದಾರೆ. ಖಾರದ ಹಿಟ್ಟು ಮತ್ತು ಒಣಮೀನಿನ ಜೊತೆ ಅದನ್ನೂ ಕಟ್ಟಿ ಕಳಿಸುತ್ತೇವೆ. ಪಟ್ಟಿಗೆ ಮೀನಿನ ವಾಸನೆ ಹತ್ತಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಮೀನಿಗೆ ಪಟ್ಟಿಯ ವಾಸನೆ ಹತ್ತದಿದ್ದರೆ ಸಾಕು. ಕೆಲಸಗಾರರ ಕ್ಯಾಂಪಿನ ಅಡುಗೆಯವನು ಈಗಲಾದರೂ ಕಿಮ್ಚಿಗೆ ಉಪ್ಪು ಹಾಕುವುದನ್ನು ಕಲಿತನೆ?

ಇಲ್ಲಿ ನಾವೆಲ್ಲ ಕ್ಷೇಮ. ಹೇರಾನ್ ಮುಂದಿನ ಎರಡು ಹಲ್ಲು ಕಳೆದುಕೊಂಡು ಚಾವಣಿಗೆ ಎಸೆದಿದ್ದಾಳೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ಮಾತಾಡುವಾಗ ಮಾತ್ರ ಏನೂ ಅಡ್ಡವಿಲ್ಲ. ನೀವು ಕಳಿಸಿದ ಕಂಪನಿಯ ಕಾಗದವೂ ತಲುಪಿತು. ಇನ್ನೂ ಎರಡು ವರ್ಷ ಅಲ್ಲೇ ಉಳಿಯುವುದಕ್ಕೆ ಅದರ ಮೇಲೆ, ಸಹಿಯ ಬದಲು, ನಿಮ್ಮ ಹೆಸರು ಕೆತ್ತಿದ ಮುದ್ರೆಯೇ ಬೀಳಬೇಕು, ಮುದ್ರೆ ಮನೆಯ ಪೆಟ್ಟಿಗೆಯಲ್ಲಿದೆ, ಒತ್ತಿ ತಿಂಗಳ ಕೊನೆಯೊಳಗೆ ಕಚೇರಿಗೆ ಕೊಟ್ಟು ಬಾ, ಎರಡೇ ವರ್ಷ ತಾನೆ, ಎಂದು ಬರೆದಿದ್ದೀರಿ. ಆ ವಿಷಯ ಕೊನೆಗೆ ಬರೆಯುತ್ತೇನೆ. ಮೊದಲು ನಮ್ಮ ಬಾವುಟದ ಕತೆ ಹೇಳಿ ಮುಗಿಸದಿದ್ದರೆ ನನ್ನ ಹೊಟ್ಟೆ ಉಬ್ಬಿ ಒಡೆದುಹೋಗುತ್ತದೆ.

ಮಾವನ ಹಳೇ ಬಾವುಟ ನಿಮಗೆ ನೆನಪಿದೆಯಲ್ಲ? ಮುದ್ರೆ ಕೆತ್ತುವ ಉಳಿಗಳ ಪೆಟ್ಟಿಗೆಯ ತಳದಲ್ಲಿ, ಎಣ್ಣೆ ಕಾಗದದಲ್ಲಿ ಸುತ್ತಿ ಇಟ್ಟಿರುತ್ತಾರಲ್ಲ, ಅದು. ವರ್ಷಕ್ಕೆ ಆರೇಳು ಸಲ, ಬಾವುಟದ ದಿನಗಳಲ್ಲಿ ಮಾತ್ರ ಅದಕ್ಕೆ ಗಾಳಿ ಬೆಳಕು. ಕೋಲಿಗೆ ಕಟ್ಟಿ ಹೊರಬಾಗಿಲಿಗೆ ಸಿಕ್ಕಿಸುವ ಕೆಲಸ ಅತ್ತೆಯದು, ಏಕೆಂದರೆ ಮಾವನಿಗೆ ಮುಕ್ಕಾಲಿ ಹತ್ತಿದರೂ ತಲೆ ಸುತ್ತುತ್ತದೆ. ಅವರು ಟೋಪಿ ಹಾಕಿಕೊಂಡು ಅಂಗಳದಲ್ಲಿ ನಿಂತು, ಒಳಗಿನಿಂದಲೇ ಅದಕ್ಕೆ ವಂದಿಸಿ, ತಿಂಡಿಗೆ ಕೂರುತ್ತಾರೆ. ಒಗೆಯುವ ಮಾತು ಯಾರಾದರೂ ಎತ್ತಿದರೆ "ಬಾವುಟ ಏನು ನಿಮ್ಮ ಒಳಲಂಗಾನಾ?" ಎಂದು ಬಾಯಿ ಮುಚ್ಚಿಸುತ್ತಾರೆ. ಹಾಗಾಗಿ ಅದು ನಾನು ಮದುವೆಯಾಗಿ ಬಂದಾಗಲೇ ಸೋಯಾ ರಸ ಚೆಲ್ಲಿದ ಬಣ್ಣಕ್ಕೆ ತಿರುಗಿತ್ತು. ಆ ಬಣ್ಣ ನೋಡಿಯೇ ಓಣಿಯವರು ಅದಕ್ಕೆ ವಯಸ್ಸು ಕಟ್ಟಿದ್ದು. ಯಾರೋ ಒಬ್ಬರು, ಇದು ಮಾವನ ಅಪ್ಪನ ಕಾಲದ್ದು, ಜಪಾನಿನ ಆಳ್ವಿಕೆಯ ವಿರುದ್ಧ ಮಾರ್ಚ್ ಒಂದರಂದು ಸ್ವಾತಂತ್ರ್ಯ ಘೋಷಿಸಿದ ಆ ದೊಡ್ಡ ದಿನ ಬೀದಿಯಲ್ಲಿ ಹಿಡಿದದ್ದು ಎಂದರು. ಇನ್ನೊಬ್ಬರು ಅದರ ಮೇಲಿನ ಸಾರಿನ ಕಲೆಯನ್ನು ರಕ್ತದ ಕಲೆ ಮಾಡಿದರು. ಮಾವ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಕೆಮ್ಮಿದರು. ಅವರ ಕೆಮ್ಮು ನಿಮಗೆ ಗೊತ್ತು, ಕೇಳಿದವರು ತಮಗೆ ಬೇಕಾದ ಅರ್ಥ ತೆಗೆದುಕೊಂಡು ಹೋಗಬಹುದು.

ಹೋದ ಸೋಮವಾರ ಹೇರಾನಳ ಸ್ಕೂಲಿನ ಹೆಡ್‌ಮಾಸ್ಟರು ಸ್ವತಃ ಮನೆಗೆ ಬಂದರು. ಮಾರ್ಚ್ ಒಂದರ ಸಭೆಗೆ ಮಾವ ಆ ಚಾರಿತ್ರಿಕ ಬಾವುಟವನ್ನು ತಂದು ಮಕ್ಕಳಿಗೆ ತೋರಿಸಬೇಕು, ನಾಲ್ಕು ಮಾತಾಡಬೇಕು ಎಂದು ತಲೆ ಬಾಗಿಸಿ ಕೇಳಿಕೊಂಡರು. ಮಾವ ಕೆಮ್ಮಿದರು. ಹೆಡ್‌ಮಾಸ್ಟರು ಅದನ್ನು ಒಪ್ಪಿಗೆ ಎಂದು ತಿಳಿದು, ಖುಷಿಯಿಂದ ಅಲ್ಲೇ ಒಂದು ಪಾಠ ಮಾಡಿದರು. ಬಿಳಿ ಅಂದರೆ ಬಿಳಿ ಬಟ್ಟೆ ಉಡುತ್ತಿದ್ದ ನಮ್ಮ ಜನ, ನಡುವಿನ ಕೆಂಪು ನೀಲಿ ಅಂದರೆ ಒಂದರೊಳಗೊಂದು ಸುತ್ತಿಕೊಂಡ ಬಿಸಿಲು ನೆರಳು, ನಾಲ್ಕು ಮೂಲೆಯ ಗೆರೆಗಳು ಅಂದರೆ ಆಕಾಶ, ಭೂಮಿ, ನೀರು, ಬೆಂಕಿ, ಎಂದೆಲ್ಲ. ಮಾವ ಎಲ್ಲದಕ್ಕೂ ತಲೆಯಾಡಿಸಿದರು. ಅತ್ತೆ ಬಾರ್ಲಿ ನೀರು ಬಗ್ಗಿಸುತ್ತ ಒಂದೇ ಒಂದು ಮಾತನ್ನು ಕಿವಿಗೆ ಹಾಕಿಕೊಂಡರು, ಬಿಳಿ.

ಮರುದಿನ ಬೆಳಿಗ್ಗೆ ಮಾವ ಕ್ಷೌರಕ್ಕೆ ಹೋದರು, ಹೋದರೆ ಅಲ್ಲಿ ಹರಟೆ ಮುಗಿಸಿ ಬರುವುದು ಸಂಜೆಗೇ. ನಾನು ಮೀನು ತರಲು ಮಾರ್ಕೆಟ್ಟಿಗೆ ಹೋದೆ. ಬರುವಷ್ಟರಲ್ಲಿ ಅಂಗಳದಲ್ಲಿ ಕಲ್ಲಿದ್ದಲ ಬಿಲ್ಲೆಯ ಒಲೆ ಹೊತ್ತಿತ್ತು, ಅದರ ಮೇಲೆ ದೊಡ್ಡ ಹಂಡೆ, ಅದರಲ್ಲಿ ಸೋಡಾ ಹಾಕಿದ ನೀರು ಕೊತಕೊತ ಕುದಿಯುತ್ತಿತ್ತು. ಚಳಿಗಾಲದ ಬಿಳಿ ಬಟ್ಟೆ ಕುದಿಸುವ ದಿನ ಅದು, ನನಗೂ ಅನುಮಾನ ಬರಲಿಲ್ಲ. ಅತ್ತೆ ಕೋಲಿನಿಂದ ತಿರುವುತ್ತ ಹಾಡಿಕೊಳ್ಳುತ್ತಿದ್ದರು. ಆಮೇಲೆ ಹಂಡೆಯೊಳಗಿಂದ ಒಂದು ಬಟ್ಟೆ ಎತ್ತಿ, ನೀರು ಹಿಂಡಿ, ಝಾಡಿಸಿ, "ನೋಡೇ, ಹೆಂಗೆ ಬಂದಿದೆ ಬಿಳೀ! ಆ ಹೆಡ್‌ಮಾಸ್ಟರ ಕಣ್ಣು ಕುಕ್ಕಬೇಕು" ಎಂದು ನನ್ನ ಮುಂದೆ ಬಿಚ್ಚಿ ಹಿಡಿದರು. ಬಟ್ಟೆ ನಿಜವಾಗಿಯೂ ಬಿಳಿ ಬಂದಿತ್ತು. ನಾಲ್ಕು ಮೂಲೆಯ ಕಪ್ಪು ಗೆರೆಗಳಿಲ್ಲ. ನೀಲಿ ಇಲ್ಲ. ನಡುವೆ ಒಂದು ಕೆಂಪು ಉಂಡೆ ಮಾತ್ರ, ಗುಂಡಗೆ, ಇಡಿಯಾಗಿ, ನಿನ್ನೆ ತಾನೇ ಬಣ್ಣ ಹಾಕಿದ ಹಾಗೆ ಹೊಳೆಯುತ್ತಿತ್ತು.

ನಿಮಗೆ ಅರ್ಥವಾಯಿತಲ್ಲ? ಮಾರ್ಚ್ ಒಂದಕ್ಕೆ ಎರಡು ದಿನ ಮುಂಚೆ, ನಮ್ಮ ಅಂಗಳದಲ್ಲಿ, ನಿಮ್ಮ ತಾಯಿ ಜಪಾನಿನ ಬಾವುಟ ಎತ್ತಿ ಹಿಡಿದು ನಿಂತಿದ್ದರು.

ನನ್ನ ಕೈಯಿಂದ ಮೀನು ಬಿತ್ತು. ಅತ್ತೆ ನನ್ನ ಮುಖ ನೋಡಿ, ಬಟ್ಟೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು. ಆಮೇಲೆ ನಿಧಾನವಾಗಿ, "ನಮ್ಮ ಬಾವುಟಾನ ಇದರ ಮೇಲೇ ಬರೆದಿದ್ದು ಅಂತ ನನಗೆ ಮರೆತೇ ಹೋಗಿತ್ತು ಕಣೇ" ಎಂದರು. ಬಣ್ಣ ಎಲ್ಲಿ ಹೋಯಿತು ಎಂದು ಹಂಡೆಗೆ ಇಣುಕಿದರೆ ಅದೂ ಸಿಕ್ಕಿತು. ಮಾವನ ಚಳಿಗಾಲದ ಉದ್ದ ಚಡ್ಡಿಗಳೆಲ್ಲ ತಿಳಿ ನೀಲಿಗೆ ತಿರುಗಿದ್ದವು.

ಬಾವುಟವನ್ನು ಒಳಗೆ ಒಯ್ಯೋಣ ಎಂದರೆ ಒದ್ದೆ. ಹಿತ್ತಿಲ ಹಗ್ಗದ ಮೇಲೆ ಹಾಸಿಗೆ ಹೊದಿಕೆಗಳ ಮರೆಯಲ್ಲಿ ಹಾಕಿದೆವು. ಇಳಿಹೊತ್ತಿಗೆ ಅದು ಒಣಗಿ, ತೆಗೆಯೋಣ ಎಂದು ಅತ್ತೆ ಕೈ ಹಾಕುವುದಕ್ಕೂ, ಓಣಿಯ ಮುಖಂಡಳಾದ ಸಾಂಗ್‌ಗು ಅಮ್ಮ ಬಾಗಿಲು ತಟ್ಟದೆ ಒಳಗೆ ನುಗ್ಗುವುದಕ್ಕೂ ಸರಿಹೋಯಿತು. ಎಲ್ಲರೂ ತಪ್ಪದೆ ಬಾವುಟ ಹಾಕಬೇಕು ಎಂದು ಮನೆಮನೆಗೆ ಹೇಳುತ್ತ ಬಂದಿದ್ದಳಂತೆ. ಅವಳ ಗಂಡ ಸೈನ್ಯದಲ್ಲಿ ಹವಾಲ್ದಾರನಾಗಿದ್ದವನು, ಈಗಲೂ ಮನೆಯ ನಾಯಿಗೆ ಕವಾಯತು ಮಾಡಿಸುತ್ತಾನೆ. ಅತ್ತೆ ಹಗ್ಗದಿಂದ ಬಟ್ಟೆ ಎಳೆದರು, ಮಡಿಸಲು ಪುರುಸೊತ್ತಿಲ್ಲ, ನಾನು ಒಣಗಲು ಇಟ್ಟಿದ್ದ ಮೀನಿನ ಬುಟ್ಟಿಯ ಮೇಲೆ ಹಾಕಿ, ಕೆಂಪು ಒಳಗಾಗುವಂತೆ ನಾಲ್ಕು ತುದಿ ಎಳೆದು ಗಂಟು ಕಟ್ಟಿಬಿಟ್ಟರು. ನೋಡುವವರಿಗೆ ಯಾರಿಗೋ ಕೊಡಲು ಕಟ್ಟಿಟ್ಟ ಹಬ್ಬದ ಗಂಟು. ಸಾಂಗ್‌ಗು ಅಮ್ಮನೂ ಹಾಗೇ ನೋಡಿದಳು. "ಅಯ್ಯೋ ಅಜ್ಜಿ, ನನಗೋಸ್ಕರ ಯಾಕೆ ಇಷ್ಟೆಲ್ಲ ತೊಂದ್ರೆ ತಗೊಂಡ್ರಿ?" ಎಂದು ಎರಡೂ ಕೈಯಲ್ಲಿ ಗಂಟು ಎತ್ತಿಕೊಂಡಳು. ಕೊಡುವುದಿಲ್ಲ ಅನ್ನುವುದು ಹೇಗೆ? ಅತ್ತೆ ನಕ್ಕರು. ಆ ನಗು ಅತ್ತ ಹಾಗಿತ್ತು. ಅವಳು ಹೋದ ಮೇಲೆ ನನ್ನ ಕಡೆ ತಿರುಗಿ, "ನಿಂತು ನೋಡ್ತೀಯಲ್ಲ, ಓಡೇ! ಆ ಹವಾಲ್ದಾರ ಮನೆಗೆ ಬರೋದ್ರೊಳಗೆ ತಗೊಂಡು ಬಾ!" ಎಂದರು.

ಓಡಿದೆ. ಸಾಂಗ್‌ಗು ಅಮ್ಮನ ಅಡುಗೆಮನೆಯಲ್ಲಿ ಗಂಟು ಬಿಚ್ಚಿತ್ತು. ಅವಳು ನೆಲದ ಮೇಲೆ ಕೂತು ಆ ಬಟ್ಟೆ ನೋಡುತ್ತಿದ್ದಳು. ನಾನು ಏನೋ ಹೇಳಲು ಬಾಯಿ ತೆರೆದೆ, ಅವಳು ಕೈ ಎತ್ತಿ ಸುಮ್ಮನಿರಿಸಿ, "ನಮ್ಮನೇಲೂ ಒಂದಿತ್ತು. ಹಬ್ಬದ ದಿನ ಹಾಕದಿದ್ರೆ ಜಪಾನಿನ ಪೊಲೀಸು ಬಂದು ಅಪ್ಪನ ಕೆನ್ನೆಗೆ ಹೊಡೀತಿದ್ದ. ದೇಶ ಬಿಡುಗಡೆ ಆದ ದಿನ ಅಮ್ಮ ಅದನ್ನ ಒಲೆಗೆ ಹಾಕಿದ್ಲು" ಎಂದಳು. ಬಟ್ಟೆಯನ್ನು ಅಂಗೈಯಗಲ ಮಡಿಸಿ ನನ್ನ ಮೇಲಂಗಿಯೊಳಗೆ, ಎದೆಯ ಹತ್ತಿರ, ತಾನೇ ತುರುಕಿದಳು. ನನಗೆ ಅವಳ ಮೇಲೆ ಇದ್ದ ಸಿಟ್ಟೆಲ್ಲ ಅಲ್ಲೇ ಕರಗಿತು. ಮೀನು ಮಾತ್ರ ವಾಪಸು ಕೊಡಲಿಲ್ಲ.

ವಾಪಸು ಬರುವಾಗ ಏನಾಯಿತು ಕೇಳಿ. ನೀವು ಹೋದ ಮೇಲೆ ಇಲ್ಲಿ ಒಂದು ಹೊಸ ಪದ್ಧತಿ ಬಂದಿದೆ. ಸಂಜೆ ಐದಕ್ಕೆ ಕಚೇರಿಗಳಲ್ಲಿ ಬಾವುಟ ಇಳಿಸುವಾಗ ಬೀದಿಬೀದಿಯ ಸ್ಪೀಕರಿನಲ್ಲಿ ರಾಷ್ಟ್ರಗೀತೆ ಹಾಕುತ್ತಾರೆ. ಎಲ್ಲಿದ್ದವರು ಅಲ್ಲೇ ನಿಂತು, ಬಾವುಟದ ಕಡೆ ತಿರುಗಿ, ಎದೆಯ ಮೇಲೆ ಕೈ ಇಡಬೇಕು. ಮೊನ್ನೆ ಒಬ್ಬ ತೋಫು ಮಾರುವವನು ಗಾಡಿಯನ್ನು ಇಳಿಜಾರಿನಲ್ಲಿ ಬಿಟ್ಟು ನಿಂತುಬಿಟ್ಟ, ಗೀತೆ ಮುಗಿಯುವಷ್ಟರಲ್ಲಿ ತೋಫು ಎಲ್ಲ ಬಂದರು ಸೇರಿತ್ತು. ನಾನು ಅಕ್ಕಿ ಗಿರಣಿಯ ತಿರುವಿಗೆ ಬಂದಿದ್ದೆ ಅಷ್ಟೆ, ಗೀತೆ ಶುರುವಾಯಿತು. ಸೈಕಲ್ಲುಗಳು ನಿಂತವು, ಬಸ್ಸು ನಿಂತಿತು, ಜಗಳವಾಡುತ್ತಿದ್ದ ಇಬ್ಬರು ಮೀನಿನ ಹೆಂಗಸರು ಕೈಯನ್ನು ಎದೆಗೆ ತಂದು ನಿಂತರು. ಹವಾಲ್ದಾರ ಎದುರಿನಿಂದ ಬರುತ್ತಿದ್ದವನು ನನ್ನಿಂದ ನಾಲ್ಕು ಮಾರು ದೂರದಲ್ಲಿ ಕಂಬದಂತೆ ನಿಂತ. ನಾನೂ ನಿಂತೆ. ಎದೆಯ ಮೇಲೆ ಕೈ. ಕೈಯ ಕೆಳಗೆ ಅದು. ಉಸಿರು ಬಿಟ್ಟರೆ ತುದಿ ಹೊರಗೆ ಬಂದೀತೆಂದು ಉಸಿರು ಹಿಡಿದೆ, ಕಣ್ಣಲ್ಲಿ ನೀರು ಬಂತು. ಗೀತೆ ಮುಗಿದ ಮೇಲೆ ಹವಾಲ್ದಾರ ನನ್ನ ಹತ್ತಿರ ಬಂದು, "ಭೇಷ್ ತಂಗಿ, ಈ ಕಾಲದಲ್ಲಿ ರಾಷ್ಟ್ರಗೀತೆಗೆ ಕಣ್ಣೀರು ಹಾಕೋರು ಎಲ್ಲಿದಾರೆ" ಎಂದು ಬೆನ್ನು ತಟ್ಟಬೇಕೆಂದು ಕೈ ಎತ್ತಿ, ಪರಹೆಂಗಸು ಎಂದು ನೆನಪಾಗಿ ಇಳಿಸಿದ.

ಮನೆಗೆ ಬಂದಾಗ ಮಾವ ಬಂದಾಗಿತ್ತು. ಹೊಸ ಕ್ಷೌರ, ಹೊಳೆಯುವ ಕತ್ತು, ಮುಂದೆ ತೆರೆದ ಉಳಿ ಪೆಟ್ಟಿಗೆ, ಖಾಲಿ ಎಣ್ಣೆ ಕಾಗದ. ಅತ್ತೆ ಮೂಲೆಯಲ್ಲಿ ನೀಲಿ ಚಡ್ಡಿಗಳನ್ನು ಮಡಿಸುತ್ತ ಕೂತಿದ್ದರು. ನಾನು ಬಟ್ಟೆ ತೆಗೆದು ಮಾವನ ಮುಂದೆ ಇಟ್ಟೆ. ಬೈಯುತ್ತಾರೆ, ಪೆಟ್ಟಿಗೆ ಎಸೆಯುತ್ತಾರೆ ಎಂದುಕೊಂಡಿದ್ದೆ. ಏನೂ ಇಲ್ಲ. ಬಿಚ್ಚಿ ನೋಡಿದರು, ಬೆರಳಿನಿಂದ ಕೆಂಪಿನ ಅಂಚನ್ನು ಒಂದು ಸುತ್ತು ಸವರಿದರು, ಮಡಿಸಿದರು. "ಹೆಡ್‌ಮಾಸ್ಟರಿಗೆ ಹೇಳಿ ಕಳಿಸು, ಮುದುಕನಿಗೆ ಜ್ವರ ಅಂತ" ಎಂದು ಹಾಸಿಗೆ ಹಾಸಿ, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಊಟ ಬೇಡ. ಮರುದಿನವೂ ಬೇಡ. ನನಗೆ ಭಯವಾಯಿತು, ನಿಜ ಹೇಳುತ್ತೇನೆ. ಅವರು ಇಡೀ ಊರಿನ ಮುಂದೆ ಸುಳ್ಳುಗಾರ ಎನ್ನಿಸಿಕೊಳ್ಳುತ್ತಾರೆ, ಇನ್ನು ಓಣಿಯಲ್ಲಿ ತಲೆಯೆತ್ತಿ ಓಡಾಡುವುದಿಲ್ಲ, ನೀವು ಬರುವಷ್ಟರಲ್ಲಿ ಕೊರಗಿಯೇ ಮುದುಡಿಹೋಗುತ್ತಾರೆ ಎಂದು ಅನ್ನಿಸಿತು. ಹೇಳಿ ಕಳಿಸು ಎಂದಿದ್ದರೂ ನಾನು ಕಳಿಸಲಿಲ್ಲ. ಏಕೆಂದರೆ ಅತ್ತೆ ಬೇಡ ಎಂದು ಕಣ್ಣು ಬಿಟ್ಟರು.

ಬುಧವಾರ ಇಡೀ ದಿನ ಅತ್ತೆ ಕಾಗದದ ಬಾಗಿಲಿನ ಹೊರಗೆ ಕೂತು ಅವರ ಜೊತೆ ಮಾತಾಡಿದರು, ಅಂದರೆ ಬೈದರು. "ಕುದಿಸಿದ್ದು ನನ್ನ ತಪ್ಪು, ಆಯ್ತು, ಸಾಯಿಸಿ. ಬಿಳಿ ಅಂದ್ರೆ ನಮ್ಮ ಜನ ಅಂದ್ರು, ಜನ ಕೊಳಕಾಗಿದ್ರು, ತೊಳೆದೆ" ಎಂದು ಶುರು ಮಾಡಿದರು. ಸ್ವಲ್ಪ ಹೊತ್ತಿನ ಮೇಲೆ, "ಬಾವುಟದಲ್ಲಿ ಆಕಾಶ ಅಂದ್ರೆ ಗಂಡು, ಮೂರು ಗಟ್ಟಿ ಗೆರೆ. ಭೂಮಿ ಅಂದ್ರೆ ಹೆಣ್ಣು, ತುಂಡು ತುಂಡು ಆರು. ಎಣಿಸಿ ನೋಡಿ, ಈ ಮನೇಲಿ ಕೆಲಸಾನೂ ಹಾಗೇ ಹಂಚಿಕೆ ಆಗಿರೋದು. ಮೂರು ಗೆರೆಯವರು ಮಲಗಿದ್ರೆ ಆರು ಗೆರೆಯವಳು ಸ್ಕೂಲಿಗೆ ಹೋಗಿ ಭಾಷಣ ಮಾಡ್ಲಾ?" ಎಂದರು. ಹೊತ್ತು ಮುಳುಗುವಾಗ ಧ್ವನಿ ಇಳಿಸಿ, "ನಿಮ್ಮಣ್ಣನ ಹೆಸರು ಹೇಳೋಕೆ ಇದೊಂದು ಅವಕಾಶ ಸಿಕ್ಕಿತ್ತು. ಅದನ್ನೂ ಗೋಡೆಗೆ ಹೇಳ್ತೀರಾ?" ಎಂದು ಎದ್ದು ಒಲೆಯ ಹತ್ತಿರ ಹೋದರು. ಒಳಗೆ ಹಾಸಿಗೆ ಸರಿದ ಸದ್ದಾಯಿತು.

ಬೆಳಿಗ್ಗೆ ನೋಡಿದರೆ ಮಾವ ಎದ್ದು, ಬಿಳಿ ಮೇಲಂಗಿ ತೊಟ್ಟು, ಕುಂಚ, ಮಸಿಕಲ್ಲು, ನೀಲಿ ಶಾಯಿಯ ಬಾಟಲಿಗಳನ್ನು ಗಂಟು ಕಟ್ಟುತ್ತಿದ್ದರು. ಅನ್ನಕ್ಕೆ ಸಾರು ಸುರಿದುಕೊಂಡು ಎರಡು ಬಟ್ಟಲು ಉಂಡರು.

ಸ್ಕೂಲಿನ ಅಂಗಳ ತುಂಬಿತ್ತು. ಮಕ್ಕಳು ಸಾಲುಸಾಲಾಗಿ ಮುಂದೆ, ಹಿಂದೆ ಊರವರು, ಹವಾಲ್ದಾರ ಪದಕ ತಗುಲಿಸಿಕೊಂಡು ಮೊದಲ ಕುರ್ಚಿಯಲ್ಲಿ. ಹೆಡ್‌ಮಾಸ್ಟರು ಬಹಳ ಚೆನ್ನಾಗಿ ಮಾತಾಡಿದರು. ಅರವತ್ತು ವರ್ಷದ ಹಿಂದೆ ಈ ಹಿರಿಯರ ತಂದೆ ಎದೆಗವಚಿಕೊಂಡ ಬಾವುಟ, ರಕ್ತದ ಕಲೆ, ಎಲ್ಲ ಬಂತು. ಮಾವ ವೇದಿಕೆ ಹತ್ತಿದರು. ಕೆಮ್ಮುತ್ತಾರೆ ಎಂದು ನಾನು ಕಾಯುತ್ತಿದ್ದೆ. ಕೆಮ್ಮಲಿಲ್ಲ. ಬಟ್ಟೆಯನ್ನು ಬಿಚ್ಚಿ ಎತ್ತಿ ಹಿಡಿದರು.

ಹವಾಲ್ದಾರನ ಕುರ್ಚಿ ಹಿಂದಕ್ಕೆ ಬಿತ್ತು. ಹೆಡ್‌ಮಾಸ್ಟರು ತಮ್ಮ ಕಾಗದದಲ್ಲಿ ಇದರ ಬಗ್ಗೆ ಏನಾದರೂ ಬರೆದಿದೆಯೇ ಎಂದು ಹುಡುಕತೊಡಗಿದರು. ಸಾಂಗ್‌ಗು ಅಮ್ಮ ಗಂಡನ ಕೋಟಿನ ತುದಿ ಹಿಡಿದು, "ಕೂತ್ಕೊಳ್ಳಿ ಸುಮ್ನೆ, ಕೇಳಿ" ಎಂದು ಎಳೆದು ನೆಲದ ಮೇಲೆ ಕೂರಿಸಿದಳು.

ಮಾವ ಹೇಳಿದ್ದನ್ನು ಆದಷ್ಟು ಹಾಗೆಯೇ ಬರೆಯುತ್ತೇನೆ. "ಮಕ್ಕಳೇ, ಹೆದರಬೇಡಿ. ಇದು ನಮ್ಮಪ್ಪಂದಲ್ಲ. ಜನ ಹಾಗಂದ್ರು, ನಾನು ಅಲ್ಲ ಅನ್ನಬೇಕಿತ್ತು, ಅನ್ನಲಿಲ್ಲ. ಕೇಳೋಕೆ ಚೆನ್ನಾಗಿತ್ತು. ಇದು ಯಾರದು ಅಂದ್ರೆ, ನಮ್ಮನ್ನ ಆಳಿದವರದು. ಪ್ರತಿ ಮನೇಲೂ ಇಂಥದ್ದೊಂದು ಇರಬೇಕಿತ್ತು. ನನಗೊಬ್ಬ ಅಣ್ಣ ಇದ್ದ, ದೊಕ್‌ಪಿಲ್ ಅಂತ. ಅವರ ಕಲ್ಲಿದ್ದಲ ಗಣಿಗೆ ಕರ್ಕೊಂಡು ಹೋದ್ರು. ಎರಡೇ ವರ್ಷ ತಾನೆ ಅಂತ ಹೇಳಿ ಹೋದ. ಬಿಡುಗಡೆ ಆಯ್ತು ಅಂತ ರೇಡಿಯೋದಲ್ಲಿ ಬಂದಾಗ ನಾನು ಬಂದರಿಗೆ ಓಡಬೇಕಿತ್ತು. ಹಡಗಿಂದ ಸಾವಿರ ಜನ ಇಳೀತಾರೆ, ಅಣ್ಣನಿಗೆ ನಾನು ಕಾಣಬೇಕಲ್ಲ? ನಮ್ಮ ಬಾವುಟ ಹಿಡಿದು ನಿಲ್ಲೋಣ ಅಂದ್ರೆ ಎಲ್ಲಿದೆ? ಅಂಗಡೀಲಿ ಒಂದು ಗೇಣು ಬಟ್ಟೆ ಇಲ್ಲ. ಮನೇಲಿ ಇದ್ದ ಬಿಳಿ ಬಟ್ಟೆ ಇದೊಂದೇ. ಕೆಂಪು ಹೇಗೂ ಇತ್ತು, ಅರ್ಧಕ್ಕೆ ನೀಲಿ ಶಾಯಿ ಬಳಿದೆ. ಒಲೆಯ ಮಸಿಗೆ ಗಂಜಿ ಕಲಸಿ ಗೆರೆ ಎಳೆದೆ. ಆದ್ರೆ ಯಾವ ಮೂಲೆಗೆ ಯಾವ ಗೆರೆ? ಅಷ್ಟು ವರ್ಷ ನಮ್ಮ ಬಾವುಟಾನ ಮನೇಲಿ ಇಟ್ಕೊಂಡಿದ್ರೆ ಜೈಲು, ಯಾರು ನೋಡಿದಾರೆ? ಒಬ್ಬ ನಾಲ್ಕು ಗುರುತು ಅಂದ, ಇನ್ನೊಬ್ಬ ಎಂಟು ಅಂದ, ಅವರಿಬ್ಬರೂ ಹೊಡೆದಾಡಿದ್ರು. ನಾನು ನೆನಪಿದ್ದ ಹಾಗೆ ಬರೆದು ಓಡಿದೆ." ಬಟ್ಟೆಯನ್ನು ಇನ್ನಷ್ಟು ಎತ್ತಿ ಹಿಡಿದರು. "ಹಡಗುಗಳು ಬಂದವು. ಅಣ್ಣ ಬರಲಿಲ್ಲ. ಅಷ್ಟೇ. ಮೊನ್ನೆ ನಮ್ಮ ಮನೆಯವಳು ಇದನ್ನ ಕುದಿಸಿಬಿಟ್ಟಳು. ಅವತ್ತು ಹೇಗೆ ಬರೆದೆ ಅಂತ ಈಗ ನಿಮ್ಮ ಮುಂದೆ ಬರೆದು ತೋರಿಸ್ತೀನಿ."

ನಿಮ್ಮ ದೊಡ್ಡಪ್ಪನ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅತ್ತೆ ನನ್ನ ಪಕ್ಕದಲ್ಲಿ ಕೂತು ಮೇಲಂಗಿಯ ತುದಿಯಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ಮೇಷ್ಟರ ಮೇಜಿನ ಮೇಲೆ ಬಟ್ಟೆ ಹಾಸಿ ಮಾವ ಬರೆಯತೊಡಗಿದರು. ನೀಲಿ ಅಲೆಯಂತೆ ಕೆಂಪಿನೊಳಗೆ ನುಗ್ಗಿತು, ಆ ವಯಸ್ಸಿನಲ್ಲೂ ಕೈ ಅಲುಗಲಿಲ್ಲ. ಮಕ್ಕಳಿಗೆ ಗೆರೆಗಳ ಲೆಕ್ಕ ಬಾಯಿಪಾಠ. ಎಡಗಡೆ ಮೇಲೆ ಮೂರು, ಅದರ ಕೆಳಗೆ ನಾಲ್ಕು, ಬಲಗಡೆ ಮೇಲೆ ಐದು, ಕೆಳಗೆ ಆರು. ಹೇರಾನ್ ಶುರು ಮಾಡಿದಳೋ, ಬೇರೆ ಯಾರೋ, ಗೊತ್ತಿಲ್ಲ, ಇಡೀ ಅಂಗಳ "ಮೂರು! ನಾಲ್ಕು! ಐದು! ಆರು!" ಎಂದು ಕೂಗತೊಡಗಿತು. ಮಾವ ಹುರುಪಿನಿಂದ ಕೊನೆಯ ಗೆರೆ ಎಳೆದು, ಬಾವುಟವನ್ನು ಎತ್ತಿ ಮಕ್ಕಳಿಗೆ ತೋರಿಸಿದರು.

ಕೂಗು ನಿಂತುಹೋಯಿತು. ಮೂರು ಗೆರೆ ಬಲಗಡೆ ಇದ್ದವು, ಐದು ಎಡಗಡೆ. ಎಲ್ಲ ಅದಲು ಬದಲು, ಕನ್ನಡಿಯಲ್ಲಿ ನೋಡಿದ ಹಾಗೆ. ನಿಮಗೆ ಗೊತ್ತಲ್ಲ, ಜೀವಮಾನವೆಲ್ಲ ಮುದ್ರೆ ಕೆತ್ತಿದ ಕೈ, ಎಲ್ಲವನ್ನೂ ಉಲ್ಟಾ ಬರೆದೇ ರೂಢಿ. ಹೇರಾನಳಿಗೆ ಒಂದು ಸಲ ಅವಳ ಹೆಸರು ಬರೆದುಕೊಟ್ಟಾಗಲೂ ಹೀಗೇ ಆಗಿತ್ತು. ಹೆಡ್‌ಮಾಸ್ಟರು ಮೆಲ್ಲಗೆ ಅವರ ಕಿವಿಯಲ್ಲಿ ಏನೋ ಹೇಳಿದರು. ಮಾವನ ಮುಖ ಬಿಳುಪೇರಿತು. ಅದು ತಪ್ಪು ಎಂದು ಅವರಿಗೆ ಈವರೆಗೂ ಗೊತ್ತೇ ಇರಲಿಲ್ಲ. ಅವರು ಯಾವಾಗಲೂ ಅಂಗಳದ ಒಳಗಿನಿಂದ ನೋಡಿದವರು, ಹಿಂದಿನಿಂದ ನೋಡಿದರೆ ಅದಲು ಬದಲಾಗಿ ಕಾಣುವುದು ಸಹಜ ತಾನೆ ಎಂದುಕೊಂಡಿದ್ದವರು.

ಆಗ ಅತ್ತೆ ಎದ್ದರು. ಮಕ್ಕಳ ಸಾಲುಗಳ ನಡುವೆ ದಡದಡ ನಡೆದು ವೇದಿಕೆ ಹತ್ತಿ, ಬಾವುಟವನ್ನು ಅವರ ಕೈಯಿಂದ ಕಿತ್ತುಕೊಂಡು, ತಿರುಗಿಸಿ ಹಿಡಿದರು. ಶಾಯಿ ಬಟ್ಟೆಯೊಳಗೆ ಇಳಿದು ಹಿಂಬದಿಗೂ ಮೂಡಿತ್ತು. ಮೂರು, ನಾಲ್ಕು, ಐದು, ಆರು, ಎಲ್ಲ ತಮ್ಮ ತಮ್ಮ ಜಾಗದಲ್ಲಿ. ಮಕ್ಕಳು ಚಪ್ಪಾಳೆ ಹೊಡೆದು ಕಿರುಚಿದ ರಭಸಕ್ಕೆ ಚಾವಣಿಯ ಪಾರಿವಾಳಗಳು ಹಾರಿಹೋದವು. ಅತ್ತೆ ಮಾವನಿಗೆ ಮೆಲ್ಲಗೆ ಹೇಳಿದೆನೆಂದುಕೊಂಡರು, ಎದುರಿಗಿದ್ದ ಮೈಕು ಊರಿಗೆಲ್ಲ ಕೇಳಿಸಿತು. "ಸರ್ಕಾರದವರು ಬಾವುಟ ಹೀಗೇ ಇರಬೇಕು ಅಂತ ಗೋಡೆಗೆ ಅಂಟಿಸಿದ ವರ್ಷದಿಂದ ತಿರುಗಿಸೇ ಕಟ್ತಾ ಬಂದಿದೀನಿ. ನಿಮಗೆ ಮುಕ್ಕಾಲಿ ಹತ್ತೋಕೆ ಬಿಟ್ಟಿದ್ರೆ ತಾನೆ ಗೊತ್ತಾಗೋದು?" ಮಾವ, "ಯಾಕೆ ಹೇಳಲಿಲ್ಲ?" ಎಂದರು. "ಹೇಳಿದ್ರೆ ಇನ್ನೊಂದು ಬರೀತಿದ್ರಿ. ಅದೂ ಹೀಗೇ ಇರ್ತಿತ್ತು, ಬಟ್ಟೆ ದಂಡ" ಎಂದರು ಅತ್ತೆ. ಆಮೇಲೆ ನಿಜವಾಗಿಯೂ ಮೆಲ್ಲಗೆ, "ಅವತ್ತು ಅಳ್ತಾ ಅಳ್ತಾ ಬರೆದಿದ್ರಿ. ತಪ್ಪಾಗಿದೆ ಅಂತ ಹೇಗೆ ಹೇಳಲಿ" ಎಂದರು. ಮೈಕು ಅದನ್ನೂ ಬಿಡಲಿಲ್ಲ.

ಅಲ್ಲಿಂದ ಮುಂದೆ ಹವಾಲ್ದಾರನನ್ನು ಸಮಾಧಾನ ಮಾಡುವುದೇ ಕಷ್ಟವಾಯಿತು, ಅವನು ಅಷ್ಟು ಅತ್ತ. ಈಗ ಮಾವ ಓಣಿಯಲ್ಲಿ ಎದೆಯುಬ್ಬಿಸಿ ಓಡಾಡುತ್ತಿದ್ದಾರೆ, ತಿಳಿ ನೀಲಿ ಚಡ್ಡಿ ತುದಿ ಪ್ಯಾಂಟಿನ ಕೆಳಗೆ ಇಣುಕಿದರೂ ಲೆಕ್ಕಕ್ಕಿಲ್ಲ. ಬಾವುಟ ಹೊರಬಾಗಿಲಲ್ಲೇ ಇದೆ. ಹಬ್ಬ ಮುಗಿದು ಎರಡು ದಿನವಾಯಿತು, ಇಳಿಸಬೇಕಲ್ಲ ಎಂದು ಸಾಂಗ್‌ಗು ಅಮ್ಮ ಬಂದು ಕೇಳಿದಳು. ಯಾರೋ ಬರೋದಿದೆ, ಮನೆ ಗುರುತು ಸಿಗಲಿ, ಎಂದರು ಮಾವ. ಯಾರು ಎಂದರೆ ಕೆಮ್ಮಿದರು.

ಬಿಸಿಲಲ್ಲಿ ಟೋಪಿ ಇಲ್ಲದೆ ಹೋಗಬೇಡಿ. ನೀರು ಕುಡಿಯಿರಿ. ಅತ್ತೆ ಮಾವ ನಿಮ್ಮ ತಲೆ ಮೇಲೆ ಕೈಯಿಟ್ಟು ಹರಸಿದ್ದಾರೆ ಎಂದು ತಿಳಿಯಿರಿ. ಹೇರಾನ್ ಮುತ್ತು ಕಳಿಸಿದ್ದಾಳೆ, ಹಲ್ಲಿಲ್ಲದ್ದು.

ನಿಮ್ಮದೇ ಆದ,
ಇನ್‌ಸುಕ್

ತಾ.ಕ.: ಅಂಚೆಯವನ ಗಂಟೆ ಕೇಳುತ್ತಿದೆ, ಬೇಗ ಬರೆಯುತ್ತೇನೆ. ನೀವು ಹೊರಡುವಾಗ ಮಾವ ಕರವಸ್ತ್ರದ ಮೇಲೆ ಬರೆದುಕೊಟ್ಟ ಬಾವುಟ ನಿಮ್ಮ ಮಂಚದ ಮೇಲೆ ತೂಗುತ್ತಿದೆಯಲ್ಲ, ಅದನ್ನು ಈಗಲೇ ತಿರುಗಿಸಿ ಹಾಕಿ. ಇನ್ನೊಂದು, ಕಂಪನಿಯ ಕಾಗದದ ವಿಷಯ. ನಿನ್ನೆ ಮಾವ ಅದನ್ನು ಮೇಜಿನ ಮೇಲೆ ಕಂಡು ಓದಿದರು. "ಎರಡೇ ವರ್ಷ ತಾನೆ" ಅನ್ನುವ ನಿಮ್ಮ ಸಾಲನ್ನೂ ಓದಿದರು. ಕೆಲಸದ ಮಣೆಯ ಮುಂದೆ ಹೋಗಿ ಕೂತರು. ಆಮೇಲೆ ಉಜ್ಜುವ ಕಾಗದ ತೆಗೆದು ನಿಮ್ಮ ಮುದ್ರೆಯ ಮುಖವನ್ನು ಉಜ್ಜಿದರು, ನಿಮ್ಮ ಹೆಸರು ಹಳದಿ ಪುಡಿಯಾಗಿ ಉದುರಿ, ಈಗ ಅದು ಬರೀ ನುಣುಪಾದ ಮರದ ತುಂಡು. ಹೊಸ ಹೆಸರನ್ನು ನೀವು ಬಂದು ಎದುರಿಗೆ ಕೂತ ಮೇಲೆಯೇ ಕೆತ್ತುತ್ತಾರಂತೆ. ಅವರ ಮೇಲೆ ಸಿಟ್ಟಾಗಬೇಡಿ. ಮುದ್ರೆಯನ್ನು ಅವರು ಕೇಳಲಿಲ್ಲ. ಪೆಟ್ಟಿಗೆಯಿಂದ ತೆಗೆದು ಅವರ ಮುಂದೆ ಇಟ್ಟವಳು ನಾನು.